ನೀರಿಲ್ಲದ ಬಂದರಿನಲ್ಲಿ ಗಂಗೆ ಪೂಜೆ

ಹಾಲು ಹಾಕಲು ಬರುವವರೆಲ್ಲ ಈಗ ನನ್ನನ್ನು ಕೇಳುವುದು ಒಂದೇ ಮಾತು: ಇಂಗ್ಲೆಂಡಿನಲ್ಲಿ ಏನೇನು ನೋಡಿದೆ? ಬೇತಮಂಗಲದ ಪಕ್ಕದ ನಮ್ಮೂರಿನ ಹಾಲಿನ ಸೊಸೈಟಿಯಲ್ಲಿ ಬೆಳಗ್ಗೆ ಸಂಜೆ ಲೀಟರು, ಫ್ಯಾಟು ಬರೆಯುವವಳು ನಾನು. ಬರೆದಿಡುವ ಆ ಚಾಳಿ ಮನೆಗೂ ಅಂಟಿಕೊಂಡು, ದಿನಕ್ಕೊಂದು ಪುಟ ಡೈರಿ ತುಂಬಿಸದೆ ಮಲಗಿದರೆ ನಿದ್ದೆ ಹತ್ತುವುದಿಲ್ಲ. ಆದ್ದರಿಂದ ಉತ್ತರ ಹೇಳುವುದು ಸುಲಭವಾಗಬೇಕಿತ್ತು. ಆಗುತ್ತಿಲ್ಲ. ಲಂಡನ್ನಿನ ದೊಡ್ಡ ಗಡಿಯಾರ ನೋಡಿದೆಯಾ ಎಂದರೆ ಇಲ್ಲ. ಅರಮನೆ? ಇಲ್ಲ. ನಾವು ನೋಡಿದ್ದು ಸೇಂಟ್ ಐವ್ಸ್ ಎಂಬ ಹಳೆಯ ಮೀನುಗಾರರ ಊರೊಂದನ್ನು ಮಾತ್ರ. ಅದರಲ್ಲೂ ಹೆಚ್ಚು ಹೊತ್ತು ನೋಡಿದ್ದು ಅಲ್ಲಿನ ಒಂದು ಅಡುಗೆಮನೆಯನ್ನು.

ನಾವು ಹೋದದ್ದು ಬಾಣಂತನಕ್ಕೆ. ನಮ್ಮಕ್ಕ ಶೋಭ ಆ ಕಡೆಯ ಆಸ್ಪತ್ರೆಯೊಂದರಲ್ಲಿ ನರ್ಸು. ಆಂಡರ್ಸನ್‌ಪೇಟೆಯವರಾದ ಭಾವ ಮುರಳಿಯವರೂ ಅಲ್ಲೇ ನರ್ಸು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಅಕ್ಕನಿಗೆ ಬರಲಾಗಲಿಲ್ಲ. ಮಗಳು ತವರಿಗೆ ಬರದಿದ್ದರೆ ತವರೇ ಮಗಳ ಹತ್ತಿರ ಹೋಗಬೇಕು ಎಂದು ಅಮ್ಮ ಹಟ ಹಿಡಿದಳು. ಅಮ್ಮನಿಗೆ ಮೂರು ತಿಂಗಳು, ದಾರಿ ತೋರಿಸಲು ಹೋದ ನನಗೆ ಮೂರು ವಾರ ಎಂದು ತೀರ್ಮಾನವಾಯಿತು. ವೀಸಾ ಬರುವಷ್ಟರಲ್ಲಿ ಹೆಣ್ಣು ಮಗು ಹುಟ್ಟಿ ತಿಂಗಳು ತುಂಬುತ್ತ ಬಂದಿತ್ತು.

ರೈಲಿನಲ್ಲಿ

ಲಂಡನ್ನಿನಿಂದ ರೈಲಿನಲ್ಲಿ ಐದಾರು ಗಂಟೆಯ ದಾರಿ. ಅಮ್ಮ ರಾಗಿಹಿಟ್ಟಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು. ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ಆ ಹಿಟ್ಟನ್ನು ಬೆರಳಲ್ಲಿ ಒತ್ತಿ ನೋಡಿ, ಇದೇನು ಸಿಮೆಂಟೇ ಎಂದು ಕೇಳಿದ್ದ. ಆಗಿನಿಂದ ಅಮ್ಮನಿಗೆ ಆ ದೇಶದ ಮೇಲೆ ಸಣ್ಣದೊಂದು ಅನುಮಾನ.

ಊರು ಹತ್ತಿರವಾಗುತ್ತಿದ್ದಂತೆ ಬಯಲಿನಲ್ಲಿ ಕಲ್ಲಿನ ಪಾಳುಮನೆಗಳು, ಒಂದೊಂದಕ್ಕೂ ಅಂಟಿಕೊಂಡ ಎತ್ತರದ ಹೊಗೆ ಗೂಡು ಕಾಣಿಸತೊಡಗಿದವು. ಹಳೆಯ ಗಣಿಗಳು. ಅಮ್ಮ ಗಾಜಿಗೆ ಹಣೆ ಒತ್ತಿ ನೋಡಿದಳು. ಅವಳ ಅಪ್ಪ ಉರಿಗಾಂನಲ್ಲಿ, ಈಗ ಮುಚ್ಚಿರುವ ಚಿನ್ನದ ಗಣಿಯಲ್ಲಿ, ನೆಲದೊಳಗೆ ಕೆಲಸ ಮಾಡಿದವರು. ಗಣಿಯ ದೊರೆಗಳೆಲ್ಲ ಇದೇ ಸೀಮೆಯಿಂದ ಬಂದವರು ಎಂದು ತಾತ ಹೇಳುತ್ತಿದ್ದರಂತೆ. ಇವರೂ ನಮ್ಮಂಗೇ ಮುಚ್ಕೊಂಡು ಕೂತವ್ರೆ ಎಂದು ಅಮ್ಮ ಅಷ್ಟೇ ಹೇಳಿ ಹಿಟ್ಟಿನ ಚೀಲ ಸರಿಪಡಿಸಿಕೊಂಡಳು.

ಭಾವ ನಿಲ್ದಾಣಕ್ಕೆ ಬಂದಿದ್ದರು. ಮನೆ ಗುಡ್ಡದ ಹಿಂಬದಿಯಲ್ಲಿ, ಸಮುದ್ರ ಕಾಣದ ಕಡೆ. ಅಕ್ಕ ಬಾಗಿಲಿಗೆ ಬರಲಿಲ್ಲ. ಒಳಗೆ ಪರದೆ ಎಳೆದ ಕೋಣೆಯಲ್ಲಿ ಕೂತಿದ್ದಳು. ಅಮ್ಮನನ್ನು ನೋಡಿ, ಬಂದ್ರಾ, ಎಂದಳು. ಎರಡು ವರ್ಷದ ಮೇಲೆ ನೋಡಿದಾಗ ಅಷ್ಟೇ ಮಾತು.

ಮೂರನೇ ದಿನ: ಹೊಗೆ

ಅಕ್ಕ ಮೊದಲು ಹೀಗಿರಲಿಲ್ಲ. ಬಂಗಾರಪೇಟೆಯ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಕಂಡಕ್ಟರನ ಜೊತೆ ತೆಲುಗಿನಲ್ಲಿ, ಡ್ರೈವರನ ಜೊತೆ ತಮಿಳಿನಲ್ಲಿ, ನನ್ನ ಜೊತೆ ಕನ್ನಡದಲ್ಲಿ ಒಂದೇ ಸಲಕ್ಕೆ ಜಗಳ ಆಡಬಲ್ಲವಳು. ಈಗ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಕುಡಿಸಿದ ತಕ್ಷಣ 'ತಗೋ' ಎಂದು ನಮ್ಮ ಕಡೆ ಚಾಚುತ್ತಿದ್ದಳು. ನಮ್ಮ ಮುಖವನ್ನಾಗಲಿ ಮಗುವಿನ ಮುಖವನ್ನಾಗಲಿ ನೋಡುತ್ತಿರಲಿಲ್ಲ. ಮಗುವಿಗೆ ಹೆಸರೂ ಇಟ್ಟಿರಲಿಲ್ಲ. ಭಾವ ಕೇಳಿದಾಗಲೆಲ್ಲ, ನೋಡೋಣ, ಎನ್ನುತ್ತಿದ್ದಳಂತೆ.

ಅಲ್ಲಿ ಸರ್ಕಾರದ ನರ್ಸೊಬ್ಬರು ಬಾಣಂತಿಯ ಮನೆಗೇ ಬಂದು, ನಿನ್ನ ಮನಸ್ಸು ಹೇಗಿದೆ ಎಂದು ಕೂತು ಕೇಳುತ್ತಾರೆ. ನನಗೆ ಬಹಳ ಹಿಡಿಸಿದ ಪದ್ಧತಿ. ಆದರೆ ಅಕ್ಕ ತಾನೇ ಎಷ್ಟೋ ಜನಕ್ಕೆ ಅದೇ ಪ್ರಶ್ನೆ ಕೇಳಿದವಳು. ಏನು ಹೇಳಿದರೆ ಬಂದವರು ಸಮಾಧಾನದಿಂದ ಎದ್ದು ಹೋಗುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಅದನ್ನೇ ಹೇಳಿ ಕಳಿಸಿದಳು. ಆ ಮೇಲೆ ಭಾವ ಅಡುಗೆಮನೆಗೆ ಬಂದು ಸಿಂಕಿನ ಮುಂದೆ ಸುಮ್ಮನೆ ನಿಂತಿದ್ದರು. ತೊಳೆಯಲು ಪಾತ್ರೆ ಏನೂ ಇರಲಿಲ್ಲ.

ಅಮ್ಮ ತನಗೆ ಗೊತ್ತಿದ್ದ ದಾರಿಯಲ್ಲೇ ಹೋದಳು. ಬೆಳ್ಳುಳ್ಳಿ ಹುರಿದು ಬಾಣಂತಿ ಖಾರ, ಬಿಸಿ ಬಿಸಿ ನೀರು, ಕಿವಿಗೆ ಹತ್ತಿ. ಮೂರನೇ ದಿನ ಮಗುವಿನ ತಲೆಗೆ ಸಾಂಬ್ರಾಣಿ ಹೊಗೆ. ಕೆಂಡ ಎಲ್ಲಿಂದ ಬರಬೇಕು? ತೆಂಗಿನ ಚಿಪ್ಪನ್ನು ಗ್ಯಾಸಿನ ಮೇಲೆ ಕಾಯಿಸಿ ಕೆಂಡ ಮಾಡಿದಳು. ಹೊಗೆ ಎದ್ದು ಹದವಾಗುವಷ್ಟರಲ್ಲಿ ಸೂರಿಗೆ ಅಂಟಿಸಿದ್ದ, ಹೊಗೆ ತಾಗಿದರೆ ಎಚ್ಚರಿಸುವ ಬಿಳಿ ಬಿಲ್ಲೆಯೊಂದು ರೈಲಿನ ಹಾಗೆ ಕೂಗಲು ಶುರುಮಾಡಿತು. ನಾನು ಪೊರಕೆ ಹಿಡಿದು ಅದನ್ನು ಹೊಡೆಯಲು ಹಾರುತ್ತಿದ್ದೆ. ಅಮ್ಮ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ದೇವುಡಾ ದೇವುಡಾ ಎನ್ನುತ್ತಿದ್ದಳು.

ಬಾಗಿಲು ಬಡಿದು ಒಳಗೆ ಬಂದವರು ಪಕ್ಕದ ಮನೆಯ ಜೀನ್. ಎಪ್ಪತ್ತು ದಾಟಿದ ಹೆಂಗಸು. ಗಂಡ ದೋಣಿ ಇಟ್ಟಿದ್ದವರು, ಈಗಿಲ್ಲ. ಜೀನ್ ಒಂದು ಟವೆಲ್ ತೆಗೆದುಕೊಂಡು ಬಿಲ್ಲೆಯ ಕೆಳಗೆ ಬೀಸಿ ಬೀಸಿ ಅದನ್ನು ಸುಮ್ಮನಾಗಿಸಿದರು. ಸಾಂಬ್ರಾಣಿ ತೆಗೆದುಕೊಳ್ಳಲು ಬಂದಿದ್ದಾರೆ ಎಂದುಕೊಂಡ ಅಮ್ಮ ಅವರ ಕಡೆಗೂ ಒಂದಿಷ್ಟು ಹೊಗೆ ಬೀಸಿದಳು. ಜೀನ್ ಕೆಮ್ಮಿ, ಚರ್ಚಿನ ವಾಸನೆ ಎಂದು ಅದನ್ನು ಎರಡೂ ಕೈಯಲ್ಲಿ ಮುಖಕ್ಕೆ ಎಳೆದುಕೊಂಡರು. ಇಷ್ಟೆಲ್ಲ ಆಗುವಾಗಲೂ ಅಕ್ಕ ಕೋಣೆಯಿಂದ ಹೊರಗೆ ಬರಲಿಲ್ಲ.

ಆ ರಾತ್ರಿಯ ಡೈರಿ: ಸುಟ್ಟ ಚಿಪ್ಪು ಎರಡು. ಹೊಸ ಪರಿಚಯ ಒಂದು. ಅಕ್ಕನ ಮಾತು, 'ತಗೋ' ಬಿಟ್ಟು, ನಾಲ್ಕು.

ನಾಲ್ಕು ಮತ್ತು ಆರನೇ ದಿನ: ಊರು

ಅಡುಗೆ ಮುಗಿದ ಮೇಲೆ ಮಧ್ಯಾಹ್ನ ಎರಡು ದಿನ ನಾನೊಬ್ಬಳೇ ಊರು ಸುತ್ತಿದೆ. ಹೋಗುವವರು ಇದ್ದರೆ ಇದನ್ನು ಓದಿಕೊಂಡು ಹೋಗಲಿ.

ಓಣಿಗಳು ನಮ್ಮ ಉರಿಗಾಂ ಗಣಿ ಕಾರ್ಮಿಕರ ಲೈನ್ ಮನೆಗಳ ಸಂದಿಗಿಂತ ಕಿರಿದು. ಎದುರಿಗೆ ನಾಯಿ ಬಂದರೆ ಒಬ್ಬರು ಗೋಡೆಗೆ ಒರಗಬೇಕು. ನಾಯಿ ಬಂದೇ ಬರುತ್ತದೆ. ಒಂದು ಓಣಿಗೆ ಮೀನಿನ ಹೆಸರೇ ಇಟ್ಟಿದ್ದಾರೆ. ಹಿಂದೆ ಕೆಳಗಿನ ನೆಲಮನೆಗಳಲ್ಲಿ ಮತ್ತಿ ಮೀನನ್ನು ಉಪ್ಪು ಹಾಕಿ ಪದರ ಪದರವಾಗಿ ಒಟ್ಟುತ್ತಿದ್ದರಂತೆ, ಜನ ಮಹಡಿಯ ಮೇಲೆ ಇರುತ್ತಿದ್ದರಂತೆ. ನಮ್ಮಲ್ಲಿ ಕೆಳಗೆ ದನ ಕಟ್ಟಿ ಅಟ್ಟದ ಮೇಲೆ ಮಲಗಿದ ಹಾಗೆ. ಗುಡ್ಡದ ತುದಿಯಲ್ಲಿ ಒಬ್ಬ ಕಾವಲುಗಾರ ಕೂತು ಮೀನಿನ ಹಿಂಡು ಬಂದದ್ದನ್ನು ನೀರಿನ ಬಣ್ಣದಿಂದ ಗುರುತಿಸಿ ಕೂಗುತ್ತಿದ್ದ, ಊರಿಗೆ ಊರೇ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಿತ್ತು. ನಮ್ಮ ಹೊಲದ ಅಟ್ಟಣೆ ಮೇಲಿನವನು ಹಂದಿ ಬಂತೆಂದು ಕೂಗುತ್ತಾನೆ. ಇಬ್ಬರ ಕೆಲಸವೂ ಒಂದೇ, ಒಬ್ಬನದು ಬಂದದ್ದಕ್ಕೆ ಸಂತೋಷ, ಇನ್ನೊಬ್ಬನದು ಗಾಬರಿ.

ಬೇಕರಿಯಲ್ಲಿ ನನ್ನ ಅಮ್ಮನ ವಯಸ್ಸಿನ ಹೆಂಗಸು, ಏನು ಬೇಕು ಮೈ ಲವರ್, ಎಂದಳು. ನಾನು ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದೆ. ಒಬ್ಬ ಮುದುಕ ನಿಂತಿದ್ದ. ಅವನನ್ನೂ ಅವಳು ಹಾಗೆಯೇ ಕರೆದಳು. ಬಂಗಾರಪೇಟೆ ಸಂತೆಯಲ್ಲಿ ಸೊಪ್ಪಿನವನು ಎಲ್ಲರನ್ನೂ 'ತಾಯೀ' ಎನ್ನುವ ಹಾಗೆ ಎಂದು ಆಮೇಲೆ ತಿಳಿಯಿತು. ಅವಳು ಕೊಟ್ಟ ಆಲೂಗಡ್ಡೆ ತುಂಬಿದ ದೊಡ್ಡ ಕರಿಗಡುಬಿನಂಥ ತಿಂಡಿಯನ್ನು ಹೊರಗೆ ಬಂದು ಬಾಯಿಗಿಡುವಷ್ಟರಲ್ಲಿ ಕೋಳಿಗಿಂತ ದಪ್ಪದ ಕಡಲಹಕ್ಕಿಯೊಂದು ಹಿಂದಿನಿಂದ ಬಂದು ಅರ್ಧ ಕಿತ್ತುಕೊಂಡು ಹೋಯಿತು. ಸುತ್ತ ಕೂತವರು ಯಾರೂ ನಗಲಿಲ್ಲ. ಎಲ್ಲರೂ ತಮ್ಮ ತಮ್ಮ ತಿಂಡಿಯನ್ನು ಎದೆಗೆ ಒತ್ತಿಕೊಂಡರು.

ಬಂದರು ನೋಡಿದ ಮೇಲೆ ಬೇರೆ ಏನೂ ಬೇಡವೆನಿಸಿತು. ಎರಡು ತೋಳು ಚಾಚಿದಂತೆ ಕಲ್ಲಿನ ಕಟ್ಟೆ, ಒಳಗೆ ಹಸಿರು ನೀರು, ಅದರ ಮೇಲೆ ಬಣ್ಣದ ದೋಣಿಗಳು. ನಾನು ಹೋದ ಎರಡು ಸಲವೂ ನೀರು ಮೆಟ್ಟಿಲು ಮುಟ್ಟಿಕೊಂಡಿತ್ತು. ಬೇತಮಂಗಲದ ಕೆರೆ ಕೋಡಿ ಬಿದ್ದ ವರ್ಷ ನಾವೆಲ್ಲ ಏರಿಯ ಮೇಲೆ ಹೋಗಿ ಸುಮ್ಮನೆ ನಿಂತಿದ್ದೆವು. ಇಲ್ಲೂ ಹಾಗೇ ನಿಂತೆ.

ಮನೆಗೆ ಬಂದು ಅಕ್ಕನಿಗೆ ಹಕ್ಕಿಯ ಕಥೆ ಹೇಳಿದೆ. ಹ್ಞೂಂ ಎಂದಳು. ಊರಿನಿಂದ ತಂದಿದ್ದ ಪಾನಿಪೂರಿಯ ಪುಟ್ಟ ಪೂರಿ ಕರಿದು, ಬಂಗಾರಪೇಟೆಯ ಬಣ್ಣವಿಲ್ಲದ ಪಾನಿ ಮಾಡಿ ಮುಂದಿಟ್ಟೆ. ಒಂದು ಕಾಲಕ್ಕೆ ಅದಕ್ಕಾಗಿ ಬಸ್ಸು ಬಿಡುತ್ತಿದ್ದವಳು. ಒಂದು ತಿಂದು, ಚೆನ್ನಾಗೈತೆ, ಎಂದು ತಟ್ಟೆ ಸರಿಸಿದಳು.

ಹುಣ್ಣಿಮೆ, ಶುಕ್ರವಾರ

ನಮ್ಮ ಕಡೆ ಬಾಣಂತಿ ಮತ್ತೆ ಮನೆಗೆಲಸಕ್ಕೆ ಕೈ ಹಾಕುವ ಮೊದಲು ಗಂಗೆ ಪೂಜೆ ಮಾಡುತ್ತಾರೆ. ಬಾವಿಯ ಹತ್ತಿರ ಪುಟ್ಟ ಕಲ್ಲುಗಳನ್ನು ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಎಲೆ ಅಡಿಕೆ ಇಟ್ಟು, ಬಾಣಂತಿ ತನ್ನ ಕೈಯಾರೆ ಒಂದು ತಂಬಿಗೆ ನೀರು ತುಂಬಿ ಮನೆಗೆ ತರಬೇಕು. ಆ ತಂಬಿಗೆಯನ್ನು ದಾರಿಯಲ್ಲಿ ಬೇರೆ ಯಾರೂ ಮುಟ್ಟುವಂತಿಲ್ಲ, ಅದು ಬರಿದಾಗಿ ಮನೆಗೆ ಬರುವಂತೆಯೂ ಇಲ್ಲ. ಊರಿನ ಬಾವಿ ಈಗ ಪ್ಲಾಸ್ಟಿಕ್ ತುಂಬಿ ನಿಂತಿದೆ. ನಮ್ಮ ಅತ್ತಿಗೆ ಪೂಜೆ ಮಾಡಿದ್ದು ನಾಣ್ಯ ಹಾಕಿದರೆ ಕುಡಿಯುವ ನೀರು ಬಿಡುವ ಊರಿನ ಘಟಕಕ್ಕೆ. ಅಂಥದ್ದರಲ್ಲಿ ಇಲ್ಲಿ ಸಮುದ್ರವೇ ಇದೆ. ಅಮ್ಮ ಬಿಡುತ್ತಾಳೆಯೇ? ಹೆರಿಗೆಯಾಗಿ ನಲವತ್ತು ದಿನ ತುಂಬಿದ ಮೇಲಿನ ಮೊದಲ ಶುಕ್ರವಾರ, ಅದೂ ಹುಣ್ಣಿಮೆ ಕೂಡಿ ಬಂದಿತ್ತು. ರಾಹುಕಾಲ ಯಾವ ದೇಶದ ಗಡಿಯಾರದ್ದು ಎಂಬ ಚರ್ಚೆ ನಡೆದು, ಇಲ್ಲಿ ಹುಟ್ಟೋ ಸೂರ್ಯನಿಗೆ ಇಲ್ಲಿನ ಗಡಿಯಾರವೇ ಎಂದು ಅಮ್ಮ ಹನ್ನೆರಡರ ನಂತರ ಹೊರಡುವುದೆಂದು ಗೊತ್ತುಮಾಡಿದಳು. ಭಾವ ಡ್ಯೂಟಿಯಲ್ಲಿದ್ದರು.

ಅಕ್ಕ ಬೇಡ ಎನ್ನಲಿಲ್ಲ, ಹ್ಞೂಂ ಎನ್ನಲೂ ಇಲ್ಲ. ಸೀರೆ ಉಟ್ಟಳು, ಕಿವಿಗೆ ಮಫ್ಲರ್ ಕಟ್ಟಿಸಿಕೊಂಡಳು. ಹೆರಿಗೆಯಾದ ಮೇಲೆ ಅವಳು ಹೊಸ್ತಿಲು ದಾಟಿದ್ದು ಅದೇ ಮೊದಲು. ನಾನು ಮಗುವನ್ನು ಎತ್ತಿಕೊಂಡೆ. ಹೂವಿಗೆ ಜೀನ್ ಅವರ ತೋಟದಲ್ಲಿ ಬೇಡಿದೆವು. ಮಡಕೆ ಗಾತ್ರದ ನೀಲಿ ಗೊಂಚಲು ಕೊಯ್ದು ಕೊಟ್ಟರು. ಎಲ್ಲಿಗೆ ಎಂದರು. ಬಂದರಿಗೆ ಎಂದೆ. ಈಗಲೇ? ಎಂದು ಕೇಳಿದರು. ಅದು ಯಾಕೆಂದು ನಾನು ಯೋಚಿಸಲಿಲ್ಲ.

ಓಣಿ ಇಳಿದು ತಿರುಗಿದೆವು. ನೀರಿರಲಿಲ್ಲ.

ಸ್ವಲ್ಪ ಕಡಿಮೆಯಾಗಿದೆ ಎಂದಲ್ಲ. ಇಡೀ ಬಂದರಿನಲ್ಲಿ ಒದ್ದೆ ಮರಳು. ದೋಣಿಗಳು ಅಲ್ಲಲ್ಲಿ ಒಂದು ಪಕ್ಕಕ್ಕೆ ವಾಲಿ, ದನ ಮಲಗಿದಂತೆ ಮಲಗಿದ್ದವು. ಹಗ್ಗಗಳು ಮರಳಿನ ಮೇಲೆ ಬಿದ್ದಿದ್ದವು. ಒಬ್ಬ ಹುಡುಗಿ ನಾಯಿಯ ಜೊತೆ ದೋಣಿಗಳ ನಡುವೆ ನಡೆದುಹೋಗುತ್ತಿದ್ದಳು. ಉಬ್ಬರವಿಳಿತ ಎಂಬುದನ್ನು ಹೈಸ್ಕೂಲಿನಲ್ಲಿ ಎರಡು ಅಂಕಕ್ಕೆ ಬರೆದವಳು ನಾನು. ಮದ್ರಾಸಿನ ಮರೀನಾದಲ್ಲಿ ಅಲೆ ನಾಲ್ಕು ಮಾರು ಹಿಂದೆ ಹೋಗುವುದೇ ಅದು ಎಂದುಕೊಂಡಿದ್ದೆ. ಇಡೀ ಬಂದರೇ ಬರಿದಾಗುತ್ತದೆ ಎಂದು ಯಾವ ಪುಸ್ತಕವೂ ಹೇಳಿರಲಿಲ್ಲ.

ಅಮ್ಮ ತಂಬಿಗೆಯನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟಳು. ಅಪಶಕುನದ ಮಾತು ಎತ್ತುತ್ತಾಳೆಂದು ನಾನು ಹೆದರಿದೆ. ಎತ್ತಲಿಲ್ಲ. ಕೆರೆ ಒಣಗಿದ್ದನ್ನು ಎಷ್ಟೋ ಸಲ ನೋಡಿದ ಅವಳ ಕಣ್ಣಿಗೆ ಇನ್ನೇನೋ ಕಂಡಿತ್ತು.

"ಅಯ್ಯೋ ಪಾಪ, ಎಲ್ಲಾ ಇಂಗೋಗೈತಲ್ಲಮ್ಮಿ," ಎಂದಳು. "ಈ ಮೀನಿನೋರು ಇನ್ನೇನ್ ತಿಂತಾರೆ? ಬೋರ್ ಗೀರ್ ಕೊರೆಸವ್ರಾ ಕೇಳು."

ಅಮ್ಮನ ಕಣ್ಣು ತುಂಬಿತ್ತು. ಗುರುತು ಪರಿಚಯವಿಲ್ಲದ ಊರಿನ ಜನಕ್ಕಾಗಿ, ಬೇರೆ ದೇಶದ ಕಟ್ಟೆಯ ಮೇಲೆ ನಿಂತು, ನಿಜವಾಗಿಯೂ.

ಆಗ ನನ್ನ ಪಕ್ಕದಲ್ಲಿ ಒಂದು ಸದ್ದು ಬಂತು. ಅಕ್ಕ ಅಳುತ್ತಿದ್ದಾಳೆ ಎಂದುಕೊಂಡೆ. ಮಫ್ಲರಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದಳು. ನಕ್ಕು, ಕಣ್ಣೊರೆಸಿಕೊಂಡು, ಮತ್ತೆ ನಕ್ಕಳು.

"ಅಮ್ಮಾ, ಇದು ಕೆರೆ ಅಲ್ಲಮ್ಮ," ಎಂದಳು. "ದಿನಾ ಇಂಗೇ ಓಗ್ತದೆ. ಸಾಯಂಕಾಲಕ್ಕೆ ತಿರುಗಾ ಬರ್ತದೆ."

"ದಿನಾನಾ?"

"ದಿನಕ್ಕೆ ಎರಡು ಸಲ."

ಅಮ್ಮ ಅವಳನ್ನೂ ಮರಳನ್ನೂ ನೋಡಿದಳು. ಎರಡು ವರ್ಷ ಇಲ್ಲಿದ್ದವಳಿಗೆ ಇದು ಗೊತ್ತಿರಲೇಬೇಕಲ್ಲ, ಮನೆಯಲ್ಲೇ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಅಕ್ಕ ನಗುವುದನ್ನು ನಿಲ್ಲಿಸಿದಳು. ಹೇಳಬೇಕು ಅಂತಲೇ ಅನ್ನಿಸಲಿಲ್ಲ ಕಣೆ, ಎಂದಳು. ಮನೆಗೆ ಹೋಗೋಣ, ಸಂಜೆ ನೋಡಿದರಾಯಿತು ಎಂದೂ ಸೇರಿಸಿದಳು. ಮನೆಯೊಳಗೆ ಹೋದರೆ ಅವಳು ಮತ್ತೆ ಹೊರಗೆ ಬರುವುದಿಲ್ಲ ಎಂದು ಅಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಬರಿ ತಂಬಿಗೆ ವಾಪಸ್ ತಗೊಂಡು ಹೋಗೋ ಹಾಗಿಲ್ಲ ಎಂದು ಅಮ್ಮ ಕಟ್ಟೆಯ ಬೆಂಚಿನ ಮೇಲೆ ಕೂತೇಬಿಟ್ಟಳು. ಗಂಗಮ್ಮ ಎಲ್ಲಿಗೋ ಹೋಗಿದ್ದಾಳೆ, ಬರುವವರೆಗೂ ಕಾಯುವುದು ನಮ್ಮ ಧರ್ಮ.

ಕಟ್ಟೆಯ ಬೆಂಚು

ಸುಮಾರು ನಾಲ್ಕು ಗಂಟೆಗಳ ಕಾಲ ಆ ಬೆಂಚಿನ ಮೇಲೆ ಕೂತಿದ್ದೆವು. ಊರಲ್ಲಿ ನೋಡಬೇಕಾದದ್ದೆಲ್ಲ ನಮ್ಮ ಮುಂದೆಯೇ ಹಾದುಹೋಯಿತು: ಉದ್ದ ಬೂಟಿನ ಮೀನುಗಾರರು, ಐಸ್‌ಕ್ರೀಮನ್ನು ಅಂಗೈಯಲ್ಲಿ ಮುಚ್ಚಿಕೊಂಡು ಓಡುವ ಮಕ್ಕಳು, ಹತ್ತು ದಿನದ ಕೂಸನ್ನು ಗಾಳಿಗೆ ಒಡ್ಡಿಕೊಂಡು ತಳ್ಳುಗಾಡಿಯಲ್ಲಿ ತಿರುಗಿಸುವ ತಾಯಂದಿರು. ಅವರನ್ನು ಕಂಡಾಗಲೆಲ್ಲ ಅಮ್ಮ ಅಕ್ಕನ ಮಫ್ಲರ್ ಬಿಗಿ ಮಾಡುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಜೀನ್ ಫ್ಲಾಸ್ಕಿನಲ್ಲಿ ಟೀ ಹಿಡಿದುಕೊಂಡು ಬಂದರು. ನಾವು ಹೊರಟ ಹೊತ್ತು ಅವರಿಗೆ ಅನುಮಾನ ತಂದಿತ್ತಂತೆ. ಕೋಟಿನ ಜೇಬಿನಿಂದ ಅಂಗೈಯಗಲದ ಪುಸ್ತಕ ತೆಗೆದು ತೋರಿಸಿದರು. ವರ್ಷವಿಡೀ ಯಾವ ದಿನ ಯಾವ ಹೊತ್ತಿಗೆ ನೀರು ಬರುತ್ತದೆ, ಹೋಗುತ್ತದೆ ಎಂದು ಅದರಲ್ಲಿ ಅಚ್ಚಾಗಿತ್ತು. ಅಂಗಡಿಯಲ್ಲಿ ಸಿಗುತ್ತದೆ, ಇಲ್ಲಿ ಪ್ರತಿ ಮನೆಯಲ್ಲೂ ಇರುತ್ತದೆ. ಅಮ್ಮನಿಗೆ ಹೇಳಬೇಕಾಗಲಿಲ್ಲ. ಪುಟದ ಮೂಲೆಯಲ್ಲಿ ಚಂದ್ರನ ಚಿತ್ರ ಕಂಡ ಕೂಡಲೇ, ಓ ಇವರ ಪಂಚಾಂಗ, ಎಂದಳು. ಹುಣ್ಣಿಮೆ ಅಮಾವಾಸ್ಯೆಗೆ ನೀರು ಎಲ್ಲಕ್ಕಿಂತ ದೂರ ಹೋಗುತ್ತದೆ, ಎಲ್ಲಕ್ಕಿಂತ ಮೇಲೆ ಬರುತ್ತದೆ ಎಂದು ಜೀನ್ ಹೇಳಿದ್ದನ್ನು ಅಕ್ಕ ಕನ್ನಡಕ್ಕೆ ತಂದಳು. ಅಂದರೆ ಅಮ್ಮ ಹುಡುಕಿ ಹುಡುಕಿ ಇಟ್ಟ ಮುಹೂರ್ತದಲ್ಲೇ ಬಂದರು ಅತಿ ಹೆಚ್ಚು ಬರಿದಾಗುತ್ತದೆ. ಜೀನ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಅಮ್ಮನೇ ಮೊದಲು ನಕ್ಕಳು.

ಜೀನ್ ಫ್ಲಾಸ್ಕನ್ನು ನಮ್ಮ ಹತ್ತಿರವೇ ಬಿಟ್ಟು ಹೋದರು. ಅಕ್ಕನ ಸೆರಗಿನ ಮರೆಯಲ್ಲಿ ಹಾಲು ಕುಡಿದ ಮಗು ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ಅಕ್ಕ ಮರಳಿನ ಕಡೆ ನೋಡುತ್ತಲೇ ಹೇಳಿದಳು.

"ಮಗೂನ ಎತ್ಕೊಂಡ್ರೆ ನಂಗೇನೂ ಅನ್ನಿಸ್ತಿಲ್ಲಮ್ಮ. ಬೇರೆಯೋರ್ ಮಗು ಎತ್ಕೊಂಡಂಗೆ."

ಅಮ್ಮ ಬೈಯಬಹುದು, ಅಳಬಹುದು, ದೃಷ್ಟಿ ಎನ್ನಬಹುದು ಎಂದು ಕಾದೆ.

"ಸರಿ," ಎಂದಳು ಅಮ್ಮ. "ಅನ್ನಿಸ್ದಾಗ ಅನ್ನಿಸ್ಲಿ. ಅಲ್ಲೀಗಂಟ ಎತ್ಕೊಳೋಕೆ ನಾನಿಲ್ವಾ? ಟೀ ಆರೋಗ್ತದೆ, ಕುಡಿ."

ಅಕ್ಕ ಟೀ ಕುಡಿದಳು. ಕುಡಿಯುತ್ತ ಅತ್ತಳು. ಅಮ್ಮ ಅವಳ ಬೆನ್ನು ಸವರುತ್ತಿದ್ದಳೇ ಹೊರತು ಅಳಬೇಡ ಎನ್ನಲಿಲ್ಲ. ಆ ನರ್ಸಮ್ಮ ಮತ್ತೆ ಬಂದಾಗ ಈ ಮಾತನ್ನೇ ಅವರಿಗೂ ಹೇಳು, ಅವರು ಓದಿಕೊಂಡವರು, ಎಂದು ಮಾತ್ರ ಹೇಳಿದಳು. ಅಕ್ಕ ತಲೆಯಾಡಿಸಿದಳು. ಮರುವಾರ ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು ಕೂಡ. ಈಗಲೂ ವಾರಕ್ಕೊಮ್ಮೆ ಒಬ್ಬ ಡಾಕ್ಟರನ್ನು ನೋಡಿ ಬರುತ್ತಾಳೆ. ಪೂಜೆಯಿಂದಲೇ ಎಲ್ಲ ಸರಿಹೋಯಿತು ಎಂದು ಯಾರೂ ತಿಳಿಯಬಾರದೆಂದು ಇದನ್ನು ಬರೆದೆ.

ನೀರು ಬಂದದ್ದು ಹೀಗೆ. ಮೊದಲು ಕಟ್ಟೆಯ ಬಾಯಲ್ಲಿ ಸೀರೆಯ ಅಂಚಿನಷ್ಟು ಹೊಳಪು. ಆಮೇಲೆ ಮರಳಿನ ಗೀರುಗಳಲ್ಲಿ ಸಣ್ಣ ಕಾಲುವೆಗಳು, ಗದ್ದೆಗೆ ನೀರು ಬಿಟ್ಟಂತೆ, ಸದ್ದಿಲ್ಲದೆ. ಅಕ್ಕ ಬೆರಳು ಮಾಡಿ, ಆ ಕೆಂಪು ದೋಣಿ ಮೊದಲು ಏಳ್ತದೆ ನೋಡು, ಎಂದಳು. ಕೆಂಪು ದೋಣಿ ಸ್ವಲ್ಪ ಹೊತ್ತು ಬಿದ್ದೇ ಇತ್ತು. ಆಮೇಲೆ ಒಮ್ಮೆ ಅಲುಗಿ, ಇನ್ನೊಮ್ಮೆ ಅಲುಗಿ, ನೆಟ್ಟಗೆ ನಿಂತುಕೊಂಡಿತು.

ದೋಣಿ ಇಳಿಸುವ ಇಳಿಜಾರಿನಲ್ಲಿ ಮೂರು ಕಲ್ಲಿಟ್ಟು ಪೂಜೆ ಮಾಡಿದೆವು. ಒಬ್ಬ ಮೀನುಗಾರ ತನ್ನ ಬಲೆಯ ಗಂಟನ್ನು ಕೇಳದೆಯೇ ಪಕ್ಕಕ್ಕೆ ಎಳೆದು ಜಾಗ ಬಿಟ್ಟು, ಟೋಪಿ ತೆಗೆದು ನಿಂತ. ನೈವೇದ್ಯದ ಬಾಳೆಹಣ್ಣನ್ನು ಕಡಲಹಕ್ಕಿ ಸಿಪ್ಪೆ ಸಮೇತ ಒಯ್ದಿತು. ಗಂಗಮ್ಮ ಬೇಗ ತಗೊಂಡ್ಲು ಎಂದು ಅಮ್ಮ ಖುಷಿಪಟ್ಟಳು. ಅಕ್ಕ ಬಗ್ಗಿ ತಂಬಿಗೆ ತುಂಬಿದಳು. ಅಮ್ಮ ಅಲೆಯಲ್ಲಿ ಬೆರಳದ್ದಿ ಒಂದು ಹನಿ ನಾಲಿಗೆಗೆ ಹಚ್ಚಿ, ನಮ್ಮ ಬೋರ್ ನೀರಿಗಿಂತ ಸ್ವಲ್ಪ ಉಪ್ಪು ಜಾಸ್ತಿ, ಅಷ್ಟೇ, ಎಂದಳು.

ಹೊರಡುವಾಗ ಮಗು ಎದ್ದು ಅಳತೊಡಗಿತು. ನಾನು ತಟ್ಟಿದೆ, ಸುಮ್ಮನಾಗಲಿಲ್ಲ. ಮುಂದೆ ಹೋಗುತ್ತಿದ್ದ ಅಕ್ಕ ನಿಂತಳು. ತಂಬಿಗೆ ಎರಡೂ ಕೈಯಲ್ಲಿತ್ತು. ನನ್ನ ಕಡೆ ತಿರುಗಿ, "ಇಲ್ಲಿ ಕೊಡು ಅವಳನ್ನ," ಎಂದಳು.

ನಾನು ಅಮ್ಮನ ಮುಖ ನೋಡಿದೆ. ತಂಬಿಗೆಯನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಅತ್ತಿಗೆಯ ಪೂಜೆಯ ದಿನ ಕೈ ನೋಯುತ್ತದೆಂದು ನಾನು ಬೆರಳು ತಾಗಿಸಿದ್ದಕ್ಕೆ ಮತ್ತೆ ನಾಣ್ಯ ಹಾಕಿಸಿ ನೀರು ತುಂಬಿಸಿದವಳು ನಮ್ಮಮ್ಮ.

ಅಮ್ಮ ಮುಂದೆ ಹೋಗಿ ಅಕ್ಕನ ಕೈಯಿಂದ ತಂಬಿಗೆ ತೆಗೆದುಕೊಂಡಳು.

ಗುಡ್ಡದ ಓಣಿ ಹತ್ತಿದೆವು. ಮುಂದೆ ಅಕ್ಕ, ಅವಳ ಹೆಗಲ ಮೇಲೆ ಮಗುವಿನ ಮುಖ. ಅದು ದೋಣಿ, ಅದು ಹಕ್ಕಿ, ಕಳ್ಳ ಹಕ್ಕಿ, ಎಂದು ಅವಳ ದನಿ ಸಣ್ಣಗೆ ಕೇಳುತ್ತಿತ್ತು. ಹಿಂದೆ ಅಮ್ಮ, ತುಂಬಿದ ತಂಬಿಗೆಯಿಂದ ಕಣ್ಣು ತೆಗೆಯದೆ, ಎದುರಿಗೆ ಬಂದ ನಾಯಿಗೂ ದಾರಿ ಬಿಡದೆ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಳು.